ಚೊಗರಿನ ಬಣ್ಣ
ಸಾಗರದಲ್ಲಿ ಬೆಳಗ್ಗಿಂದ ಮಳೆ ಬಿಟ್ಟಿಲ್ಲ, ಅಡಿಕೆ ಕೊನೆಕೊಯ್ಲಲ್ಲಿ ಎತ್ತಿಟ್ಟಿದ್ದ ಚೊಗರು, ಅಂದ್ರೆ ಅಡಿಕೆ ಬೇಯಿಸಿದ ಕೆಂಪು ನೀರು, ತೆಗೆದು ಉಣ್ಣೆ ನೂಲಿಗೆ ಬಣ್ಣ ಹಾಕ್ತಾ ಕೂತಿದೀನಿ. ಹೋದ ಸಲ ಸರಿಯಾಗಿ ತೊಳೀದೇ ಹಾಕಿದ್ದೆ, ಕುರಿ ಜಿಡ್ಡು ಹಾಗೇ ಇತ್ತು, ಬಣ್ಣ ಅಲ್ಲಲ್ಲಿ ಹಿಡೀಲೇ ಇಲ್ಲ. ಈ ಸಲ ಅಂಟುವಾಳದ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಉಜ್ಜದೆ ತೊಳೆದು, ಬಣ್ಣ ಹಿಡಿಯೋಕೆ ಅಂತ 100 ಗ್ರಾಂ ನೂಲಿಗೆ 10 ಗ್ರಾಂ ಪಟಿಕ ಹಾಕಿ ಸಣ್ಣ ಉರೀಲಿ ಒಂದು ಗಂಟೆ ಇಟ್ಟೆ, ಆಮೇಲೆ ಅದೇ ನೀರಲ್ಲಿ ತಣಿಯೋಕೆ ಬಿಟ್ಟೆ, ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕಿ ಹಿಸುಕಿದ್ರೆ ಉಣ್ಣೆ ಮುದ್ದೆಕಟ್ಟತ್ತೆ. ಪಟಿಕದ ಬದಲು ಕ್ರೋಮ್ ಉಪ್ಪು ಹಾಕಿದ್ರೆ ಬಣ್ಣ ಇನ್ನೂ ಗಟ್ಟಿ ನಿಲ್ಲತ್ತೆ ನಿಜ, ಆದ್ರೆ ಆ ವಿಷದ ನೀರನ್ನ ಎಲ್ಲಿ ಚೆಲ್ಲೋದು, ಹಿತ್ಲ ಹಿಂದಿನ ಹಳ್ಳಕ್ಕಾ? ನನಗಂತೂ ಮನಸ್ಸು ಬರಲ್ಲ.
ಈಗಷ್ಟೇ ಚೊಗರಿನಿಂದ ನೂಲು ಎತ್ತಿದೆ, ಒಂದೇ ಸಮ ಕೆಂಗಂದು. ಅಮ್ಮ ಮುಟ್ಟಿ ನೋಡಿ "ಅಜ್ಜಿ ಕವಳ ಹಾಕ್ದಾಗ ತುಟಿ ಹಿಂಗೇ ಇರ್ತಿತ್ತಲ್ಲೇ" ಅಂದ್ರು.