‘ಬರಲಿಲ್ಲ’ ಎಂಬ ಕಾಲಂ

ನಮಗೆ ನರ್ಸಿಂಗ್‌ನ ಮೂಲಪಾಠ (ಫಂಡಮೆಂಟಲ್ಸ್) ಕಲಿಸಿದ ಮೇಡಂ ತೀರಿಕೊಂಡ ಸುದ್ದಿ ಬಂದ ದಿನ ಹಳೆಯ ಬ್ಯಾಚಿನವರು ಯಾರೂ ಅವರ ಪಾಠದ ಮಾತೆತ್ತಲಿಲ್ಲ. ಯಾವ ಅಧ್ಯಾಯದ ಹಿಂದೆ ಯಾವುದು ಬರುತ್ತಿತ್ತು ಎಂದು ಕೇಳಿದರೆ ಈಗ ಒಬ್ಬರ ಬಾಯಲ್ಲೂ ಉತ್ತರವಿಲ್ಲ. ಎಲ್ಲರೂ ನೆನೆದದ್ದು ರಟ್ಟಿನ ಬೈಂಡಿನ ಆ ಉದ್ದ ನೋಟುಬುಕ್ಕನ್ನು. ವಿದ್ಯಾರ್ಥಿಗೊಂದು ಹಾಳೆ, ಹಾಳೆಯ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಗಡೆ ‘ಬಂತು’, ಬಲಗಡೆ ‘ಬರಲಿಲ್ಲ’, ಅಂದರೆ ಯಾವ ಕೆಲಸ ಕೈಗೆ ಹತ್ತಿತು, ಯಾವುದು ಇನ್ನೂ ಇಲ್ಲ. ಪ್ರತಿ ಸಾಲಿನ ಮುಂದೆ ತಾರೀಖು. ಅಂಕವಿಲ್ಲ, ಶಹಬ್ಬಾಸ್ ಇಲ್ಲ, ಕೆಂಪು ಶಾಯಿಯೂ ಇಲ್ಲ.

ಮೂವತ್ತೋ ನಲವತ್ತೋ ದಾಟಿದ ಮೇಲೆ ನರ್ಸಿಂಗ್‌ಗೆ ಸೇರಿದವರಿಗೆ ಆ ಪುಸ್ತಕ ಏಕೆ ಬೇಕಾಗಿತ್ತು ಎಂಬುದನ್ನು, ಇದನ್ನು ಓದುವ ಅಂಥ ಹೊಸಬರಿಗಾಗಿ ಬರೆದಿಡಬೇಕು ಅನ್ನಿಸಿತು.

ವಯಸ್ಸಾದವರಿಗೆ ನೆನಪು ನಿಲ್ಲುವುದಿಲ್ಲ, ಅದಕ್ಕೇ ಉತ್ಸಾಹ ಕುಂದುತ್ತದೆ ಎಂದು ಹೇಳುವವರಿದ್ದಾರೆ. ನೆನಪಿನದು ಚಿಕ್ಕ ತೊಂದರೆ. ದೊಡ್ಡದು ನಾಚಿಕೆ. ಹದಿನೈದು ವರ್ಷ ಒಂದು ಕಚೇರಿಯ ಲೆಕ್ಕವನ್ನೋ ಒಂದು ದೊಡ್ಡ ಸಂಸಾರವನ್ನೋ ಕಣ್ಣುಮುಚ್ಚಿ ನಿಭಾಯಿಸಿದವರು ಇಲ್ಲಿ ಹಾಸಿಗೆಯ ಮೂಲೆ ಮಡಿಸಲು ಬಾರದೆ ಹದಿನೆಂಟರ ಹುಡುಗಿಯರ ಎದುರು ನಿಲ್ಲಬೇಕು. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳ ಕಲಿಕೆಯನ್ನು ಹೊಸಬರಿಂದ ಪರಿಣತರವರೆಗೆ ಐದು ಮೆಟ್ಟಿಲಾಗಿ ವಿಂಗಡಿಸಿ ತೋರಿಸಿದರು. ಬೇರೊಂದು ಕೆಲಸದಲ್ಲಿ ಐದನೆಯ ಮೆಟ್ಟಿಲಲ್ಲಿ ಕೂತು ಅಭ್ಯಾಸವಾದವರು ಇಲ್ಲಿ ಮೊದಲನೆಯದಕ್ಕೆ ಇಳಿಯಬೇಕು. ನಾಚಿದವರು ಕೇಳುವುದಿಲ್ಲ, ಕೇಳದವರಿಗೆ ಕೆಲಸ ಬರುವುದಿಲ್ಲ. ಆಮೇಲೆ ಒಂದು ರಾತ್ರಿ ‘ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ’ ಎಂಬ ಮಾತು ತಾನಾಗಿಯೇ ಬರುತ್ತದೆ. ಆ ಮಾತು ಕಿವಿಗೆ ಬಿದ್ದರೆ ಮೇಡಂ ಒಂದೇ ಸಂಗತಿ ಹೇಳುತ್ತಿದ್ದರು: 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ತರಬೇತಿಗೆ ಹೋದಾಗ ಫ್ಲಾರೆನ್ಸ್ ನೈಟಿಂಗೇಲ್‌ಗೆ 31 ವರ್ಷ. ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ಬೋಧನೆ ಅಷ್ಟೇ.

ನಾಚಿಕೆ ಎಲ್ಲಿ ಅಡಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಿಪಿ ನೋಡುವ ಪಾಠವನ್ನೇ ತೆಗೆದುಕೊಳ್ಳಿ. ಸ್ಟೆತಾಸ್ಕೋಪಿನ ಕಿವಿತುದಿಗಳು ಮೂಗಿನ ಕಡೆಗೆ ಬಾಗಿರಬೇಕು. ಹಿಂದುಮುಂದಾಗಿ ಹಾಕಿಕೊಂಡರೆ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ಚಿಕ್ಕ ವಯಸ್ಸಿನವರು ‘ಮೇಡಂ, ಏನೂ ಕೇಳ್ತಿಲ್ಲ’ ಎಂದು ಕೂಗಿಬಿಡುತ್ತಾರೆ. ದೊಡ್ಡವರು ಗಂಭೀರವಾಗಿ ತಲೆಯಾಡಿಸಿ 120/80 ಎಂದು ಬರೆದುಬಿಡುತ್ತಾರೆ. ಸ್ವಲ್ಪ ಜಾಣರು ಅನುಮಾನ ಬರಬಾರದೆಂದು 117 ಎಂದು ಬರೆಯುತ್ತಿದ್ದರು. ಬಿಪಿ ಯಂತ್ರದ ಡಯಲಿನ ಗೆರೆಗಳಿರುವುದು ಪಾದರಸದ ಎರಡೆರಡು ಮಿಲಿಮೀಟರಿಗೆ ಒಂದು, ಬೆಸ ಸಂಖ್ಯೆ ಅದರಲ್ಲಿ ಓದಲು ಸಿಗುವುದೇ ಇಲ್ಲ. ಕಟ್ಟುಕತೆ ಅಲ್ಲೇ ಬಯಲಾಗುತ್ತಿತ್ತು.

ಮೇಡಂ ಬೈಯುತ್ತಿರಲಿಲ್ಲ. ಒಂದೇ ಎದೆತುಂಡಿಗೆ ಎರಡು ಜೋಡಿ ಕಿವಿತುದಿ ಇರುವ ಕಲಿಕೆಯ ಸ್ಟೆತಾಸ್ಕೋಪನ್ನು ತಂದು ಪಕ್ಕದಲ್ಲಿ ಕೂರುತ್ತಿದ್ದರು. ಮೊದಲು ಮಣಿಕಟ್ಟಿನ ನಾಡಿ ಹಿಡಿದು, ಅದು ಮಾಯವಾಗುವವರೆಗೆ ತೋಳಿಗೆ ಸುತ್ತಿದ ಪಟ್ಟಿಗೆ ಗಾಳಿ ತುಂಬಿ, ಆ ಅಂಕಿಯನ್ನು ನೆನಪಿಡಬೇಕು. ಗಾಳಿ ಪೂರ್ತಿ ಬಿಟ್ಟು ಒಂದು ನಿಮಿಷ ಸುಮ್ಮನಿರಬೇಕು. ಆಮೇಲೆ ಆ ಅಂಕಿಗಿಂತ 30 ಹೆಚ್ಚಿಗೆ ಏರಿಸಿ, ಸೆಕೆಂಡಿಗೆ 2ರಿಂದ 3 ಮಿಲಿಮೀಟರಿನಂತೆ ಇಳಿಸಬೇಕು. ಹೊಸ ಕೈ ತಪ್ಪುವುದು ಗಾಳಿ ಬಿಡುವ ತಿರುಪಿನಲ್ಲಿ. ಗಡಿಬಿಡಿಯಲ್ಲಿ ಹೆಚ್ಚು ತಿರುಗಿಸಿದರೆ ಮುಳ್ಳು ಸರ್ರನೆ ಇಳಿದು ಮೊದಲ ಸದ್ದು ತಪ್ಪಿಹೋಗುತ್ತದೆ, ಮೇಲಿನ ಅಂಕಿ ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ಪಟ್ಟಿ ತೋಳಿಗೆ ಚಿಕ್ಕದಾದರೆ ಹೆಚ್ಚು ತೋರಿಸುತ್ತದೆ. ತೋಳು ಎದೆಯ ಮಟ್ಟಕ್ಕಿಂತ ಮೇಲಿದ್ದರೆ ಕಡಿಮೆ. ಇಬ್ಬರೂ ಒಂದೇ ಸದ್ದಿಗೆ ಕಿವಿಗೊಟ್ಟು ಕೂತಾಗ ಅವರ ಬೆರಳು ಡಯಲಿನ ಮೇಲೆ ಮೆಲ್ಲನೆ ‘ಟಕ್’ ಅನ್ನುತ್ತಿತ್ತು: ಇಲ್ಲಿ ಶುರು, ಇಲ್ಲಿ ಮುಗಿಯಿತು. ಕೇಳಿಸದಿದ್ದರೆ ‘ಕೇಳಿಸಲಿಲ್ಲ ಅಂತ ಬರೀರಿ. ಅದೂ ರೀಡಿಂಗೇ’ ಎನ್ನುತ್ತಿದ್ದರು. ಆ ದಿನ ಬಲಗಡೆ ಕಾಲಂನಲ್ಲಿ ‘ಬಿಪಿ’ ಎಂದು ಒಂದು ಸಾಲು ಬೀಳುತ್ತಿತ್ತು. ಹದಿನೈದು ದಿನಕ್ಕೋ ತಿಂಗಳಿಗೋ ಅದೇ ಪದ ಎಡಗಡೆ. ಓದು ಬಿಟ್ಟುಬಿಡುತ್ತೇನೆಂದು ಯಾರಾದರೂ ಬಂದರೆ ಸಮಾಧಾನ ಹೇಳದೆ ಅವರ ಹಾಳೆ ತೆಗೆದು ಆರು ವಾರ ಹಿಂದಿನ ಬಲಗಡೆಯ ಸಾಲುಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಅರ್ಧದಷ್ಟು ಆಗಲೇ ಎಡಕ್ಕೆ ದಾಟಿರುತ್ತಿದ್ದವು. ನಮ್ಮ ಬ್ಯಾಚಿನಲ್ಲಿ ದೊಡ್ಡ ವಯಸ್ಸಿನವರು ಒಬ್ಬರೂ ನಡುವೆ ಬಿಟ್ಟುಹೋಗಲಿಲ್ಲ ಎಂಬುದನ್ನು ಹೇಳದೆ ಇರಲಾರೆ.

ಅನಾಟಮಿ ಸರ್ ಇನ್ನೊಂದು ಬಗೆಯವರು. ಪುಸ್ತಕ ತೆರೆಯುವ ಮುಂಚೆ ಖಾಲಿ ಹಾಳೆಯ ಮೇಲೆ ನಿನ್ನೆಯದನ್ನು ಬರೆಯಬೇಕು, ಐದು ನಿಮಿಷ, ಕದ್ದು ನೋಡುವ ಹಾಗಿಲ್ಲ. ಆಮೇಲೆ ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ತುಂಬಬೇಕು. ಮತ್ತೆ ಮತ್ತೆ ಓದಿದರೆ ಪಾಠ ಪರಿಚಿತ ಅನ್ನಿಸುತ್ತದೆಯೇ ಹೊರತು ಕೇಳಿದಾಗ ನಾಲಿಗೆಗೆ ಬರುವುದಿಲ್ಲ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದಂತೆ ಮರೆವು ಅತಿ ಜೋರಾಗಿರುವುದು ಕಲಿತ ಮೊದಲ ದಿನವೇ. ಆದ್ದರಿಂದ ಮರುದಿನ ಐದು ನಿಮಿಷ, ಮೂರನೆಯ ದಿನ ಐದು ನಿಮಿಷ, ವಾರಕ್ಕೊಮ್ಮೆ ಹತ್ತು. ಮನೆ, ಮಕ್ಕಳು, ನೌಕರಿ ಎಲ್ಲ ಇರುವವರಿಗೆ ಇದು ಸಾಧ್ಯ, ಭಾನುವಾರ ಆರು ಗಂಟೆ ಕೂರುವುದು ಸಾಧ್ಯವಿಲ್ಲ. ಪದಗಳನ್ನಂತೂ ಅವರು ಹೋಳು ಮಾಡಿ ಕೊಡುತ್ತಿದ್ದರು. ‘ಗ್ಯಾಸ್ಟ್ರೊ’ ಎಂದರೆ ಜಠರ. ಹಿಂದೆ ‘ಐಟಿಸ್’ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆದದ್ದು, ‘ಆಸ್ಟಮಿ’ ಬಂದರೆ ಬಾಯಿ, ಅಂದರೆ ರಂಧ್ರ, ಮಾಡಿದ್ದು. ಇಂಥ ಮೂವತ್ತು ತುಣುಕು ಗೊತ್ತಿದ್ದರೆ ದಪ್ಪ ಪುಸ್ತಕದ ಅರ್ಧ ಭಯ ಹೋಗುತ್ತದೆ.

ಲೆಕ್ಕದ ಭಯ ಬೇರೆ. ಶಾಲೆ ಬಿಟ್ಟು ಇಪ್ಪತ್ತು ವರ್ಷವಾದವರಿಗೆ ಡ್ರಿಪ್ಪಿನ ಲೆಕ್ಕ ಕಂಡರೆ ಕೈ ಬೆವರುತ್ತದೆ. 1000 ಮಿಲಿಲೀಟರ್, 8 ಗಂಟೆ, ಮಿಲಿಲೀಟರಿಗೆ 20 ಹನಿಯ ಸೆಟ್. 1000ವನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 42 ಹನಿ. ಎಡವುವುದು ಒಂದೇ ಕಡೆ, ಗಂಟೆಯನ್ನು ನಿಮಿಷ ಮಾಡುವುದನ್ನು ಮರೆತು 8ರಿಂದ ಭಾಗಿಸಿದಾಗ. ಉತ್ತರ 2500. ಮೇಡಂ ತಪ್ಪು ಎನ್ನುತ್ತಿರಲಿಲ್ಲ. ಗಡಿಯಾರ ಕೈಗೆ ಕೊಟ್ಟು ‘ನಿಮಿಷಕ್ಕೆ ಎರಡೂವರೆ ಸಾವಿರ ಹನಿ, ಎಣಿಸಿ ತೋರಿಸಿ’ ಎನ್ನುತ್ತಿದ್ದರು. ಕಣ್ಣಿಗೆ ಎಣಿಸಲಾಗದ ಉತ್ತರವನ್ನು ಆಮೇಲೆ ಯಾರೂ ಬರೆಯಲಿಲ್ಲ. ಅರ್ಧ ಮಿಲಿಗ್ರಾಮನ್ನು ಸೊನ್ನೆ ಹಾಕಿ 0.5 ಎಂದೇ ಬರೆಯಬೇಕು, 5 ಅನ್ನು ಬಿಂದುವಿಟ್ಟು ಸೊನ್ನೆ ಸೇರಿಸಿ 5.0 ಎಂದು ಬರೆಯಕೂಡದು ಎಂಬುದಕ್ಕೂ ಕಾರಣವಿದೆ. ಬಿಂದು ಮಸುಕಾದರೆ ಔಷಧಿ ಹತ್ತು ಪಟ್ಟು.

ಇನ್ನು ಒಂದು ತುಂಟತನ. ಲ್ಯಾಬಿನಲ್ಲಿ ರೋಗಿಯ ಬದಲಿಗೆ ಇಟ್ಟಿದ್ದ ಬೊಂಬೆಯನ್ನು, ಅಂದರೆ ಡಮ್ಮಿಯನ್ನು, ಮಂಚದ ಕೆಳಗೆ ತಳ್ಳಿ, ತರಗತಿಯಲ್ಲೇ ಹಿರಿಯಳಾದ ಗೆಳತಿಯನ್ನು ಹುಡುಗಿಯರು ಪುಸಲಾಯಿಸಿ ಮಲಗಿಸಿ, ತಲೆತನಕ ಹೊದಿಸಿ, ಒಂದು ಕೈ ಮಾತ್ರ ಹೊರಗೆ ಬಿಟ್ಟರು. ಮೇಡಂ ಬಂದರು, ಎಂದಿನಂತೆ ಮಣಿಕಟ್ಟು ಹಿಡಿದರು. ಬೆಚ್ಚಗಿದೆ! ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪೂರ್ತಿ ಒಂದು ನಿಮಿಷ ಎಣಿಸಿ, ‘ತೊಂಬತ್ತೆಂಟು. ಲಯ ಸರಿಯಿದೆ. ಡಮ್ಮಿಗೆ ಸ್ವಲ್ಪ ಗಾಬರಿ’ ಎಂದರು. ಮುಖದ ಮೇಲಿನ ಬಟ್ಟೆ ಸರಿಸಿ, ‘ಹಾಗೇ ಮಲಗಿರಿ, ಅಲುಗಾಡಕೂಡದು’ ಎಂದು ಒಂದು ಗಂಟೆ ಪಾಠ ನಡೆಸಿದರು. ಎದ್ದಾಗ ಆಕೆ ಹೇಳಿದ್ದು ಒಂದೇ ಮಾತು: ಗಡಿಬಿಡಿಯಲ್ಲಿ ಹಾಸಿದ ಬೆಡ್‌ಶೀಟಿನ ಸುಕ್ಕೊಂದು ಸೊಂಟದ ಕೆಳಗೆ ಮೊದಲು ದಾರದ ಹಾಗಿತ್ತು, ಕೊನೆಗೆ ಹಗ್ಗವಾಯಿತು. ಎಲುಬು ಚರ್ಮಕ್ಕೆ ಹತ್ತಿರವಿದ್ದು ಹಾಸಿಗೆ ಹುಣ್ಣಾಗುವ ಜಾಗಗಳು, ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂಬದಿ, ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಇವನ್ನೆಲ್ಲ ಆಮೇಲೆ ಪುಸ್ತಕದಲ್ಲಿ ಓದಬೇಕಾಗಲಿಲ್ಲ. ಆಕೆಯ ಹಾಳೆಯಲ್ಲಿ ಆ ದಿನದ ತಾರೀಖಿನ ಮುಂದೆ ಎಡಗಡೆ ‘ಬೆಡ್‌ಶೀಟಿನ ಸುಕ್ಕು’ ಎಂದಿತ್ತು.

ವಾರ್ಡಿನಲ್ಲಿ ಮೊದಲ ಸಲ ದೊಡ್ಡ ಗಾಯದ ಡ್ರೆಸ್ಸಿಂಗ್ ನೋಡುತ್ತ ತಲೆಸುತ್ತಿದರೆ ಅದನ್ನು ಅಂಜುಬುರುಕತನ ಎಂದುಕೊಂಡು ಮನೆಗೆ ಹೋಗುವವರಿಗೆ ಒಂದು ಮಾತು. ಮೊಣಕಾಲು ಬಿಗಿಹಿಡಿದು ಹೊತ್ತುಗಟ್ಟಲೆ ನಿಂತರೆ ರಕ್ತ ಕಾಲಿನಲ್ಲಿ ತುಂಬಿಕೊಳ್ಳುತ್ತದೆ, ಅದರ ಮೇಲೆ ಗಾಯ ನೋಡಿದ ಆಘಾತಕ್ಕೆ ನಾಡಿಯೂ ಬಿಪಿಯೂ ಇಳಿಯುತ್ತವೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಪಾದ ಬದಲಿಸುತ್ತಿರಿ, ಮೀನಖಂಡ ಬಿಗಿಮಾಡಿ ಬಿಡಿ. ಕಣ್ಣಿನ ಅಂಚು ಕಪ್ಪಾದರೆ ಹಿಂದೆ ಸರಿದು ನೆಲಕ್ಕೆ ಕೂತುಬಿಡಿ. ಟ್ರಾಲಿಯ ಮೇಲೆ ಬೀಳುವುದಕ್ಕಿಂತ ಅದು ವಾಸಿ.

ಈಗಿನ ಲ್ಯಾಬಿನಲ್ಲಿ ಉಸಿರಾಡುವ, ಕೆಮ್ಮುವ ಡಮ್ಮಿಗಳಿವೆ. ಒಳ್ಳೆಯದೇ. ಆದರೆ ರೋಗಿಯ ಆರೈಕೆಯ ಯೋಜನೆ ಬರೆಯುವ ಕೇರ್ ಪ್ಲಾನ್ ಹಿಂದಿನ ಬ್ಯಾಚಿನ ಫೈಲಿನಿಂದ ನಕಲಾಗಿ, ರೋಗಿಯ ಹೆಸರು ಮಾತ್ರ ಬದಲಾಗಿ ಬರುತ್ತದೆ. ಮೈಬಿಸಿ, ನಾಡಿ, ಉಸಿರಾಟ ಬರೆಯುವ ಟಿಪಿಆರ್ ಚಾರ್ಟಿನಲ್ಲಿ ವಾರ್ಡಿನ ಎಲ್ಲರ ಉಸಿರಾಟವೂ ನಿಮಿಷಕ್ಕೆ 18! ನಾಡಿ ಎಣಿಸಿದ ಮೇಲೆ ಬೆರಳು ತೆಗೆಯದೆ, ರೋಗಿಗೆ ತಿಳಿಯದ ಹಾಗೆ ಎದೆ ಏರಿಳಿಯುವುದನ್ನು ಎಣಿಸುವವರು ಎಷ್ಟು ಮಂದಿಯೋ. ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ಎಲ್ಲಕ್ಕೂ ಅಂಕವಿದ್ದಾಗ ‘ಬರಲಿಲ್ಲ’ ಎಂದು ಬರೆಯುವ ಧೈರ್ಯ ಯಾರಿಗೆ ಬಂದೀತು?

ಆ ನೋಟುಬುಕ್ಕಿನ ಕೊನೆಯ ಹಾಳೆ ಯಾವ ವಿದ್ಯಾರ್ಥಿಯದೂ ಅಲ್ಲ, ಮೇಡಂ ಅವರದೇ. ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಬಲಗಡೆ ಬರೆದುಕೊಂಡಿದ್ದರು: ‘ಕಂಪ್ಯೂಟರಿನಲ್ಲಿ ಹಾಜರಿ ಪಟ್ಟಿ’. ತಾರೀಖು ಇತ್ತು. ಮೂರು ವಾರದ ನಂತರದ ತಾರೀಖಿನಲ್ಲಿ ಮತ್ತೆ ಬಲಗಡೆಯೇ ಅದೇ ಸಾಲು. ಅದರ ಕೆಳಗೆ, ಇನ್ನೂ ಹತ್ತು ದಿನ ಬಿಟ್ಟು, ಎಡಗಡೆ.