ತಾಮ್ರಕ್ಕೆ ಕಪ್ಪು ಹಿಡಿಸುವ ಬಗೆ

ಬೀದರಿನಲ್ಲಿ ಲೋಹವನ್ನು ಕಪ್ಪಾಗಿಸುವ ಮಾತು ಬಂದರೆ ಎಲ್ಲರೂ ಮೊದಲು ಹೆಸರಿಸುವುದು ಕೋಟೆಯ ಮಣ್ಣನ್ನು. ಗೋಡೆಗೆ ತೂಗುಹಾಕಲೆಂದು ತಂದ ತಾಮ್ರದ ತಟ್ಟೆಗೆ ಹಳೆಯ ಕಾಲದ ಗಾಢ ಬಣ್ಣ ತರಬೇಕೆಂದಾಗ ನನಗೆ ಸಿಕ್ಕ ಸಲಹೆಯೂ ಅದೇ. ಆದರೆ ಆ ಮಣ್ಣು ಬಳಕೆಯಾಗುವುದು ಬಿದರಿ ಸಾಮಾನಿಗೆ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬೀದರಿನ ಕರಕುಶಲ ವಸ್ತುಗಳಿಗೆ. ಅದರ ಎರಕದಲ್ಲಿ ತಾಮ್ರ ಅತ್ಯಲ್ಪ; ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಹಚ್ಚಿದಾಗ ಕಪ್ಪಾಗುವುದು ಈ ಸತುವಿನ ಮಿಶ್ರಲೋಹ, ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬರಿಯ ತಾಮ್ರಕ್ಕೆ ಬೇಕಾದದ್ದು ಗಂಧಕ.

ಗಂಧಕ ತಾಮ್ರದೊಡನೆ ಸೇರಿ ತಾಮ್ರದ ಸಲ್ಫೈಡಿನ ತೆಳುವಾದ ಪೊರೆಯಾಗುತ್ತದೆ. ಪೊರೆ ದಪ್ಪವಾದಂತೆ ಬಣ್ಣ ಹೊಂಬಣ್ಣದಿಂದ ಕೆಂಪು, ನೇರಳೆ, ಕಂದುಗಳನ್ನು ದಾಟಿ ಕಪ್ಪಿಗೆ ಬರುತ್ತದೆ. ಉಪ್ಪು ಮತ್ತು ವಿನೆಗರ್ ಬಳಸಿದರೆ ಬರುವುದು ಹಸಿರು ಕಿಲುಬು, ಅದರ ವಿಷಯ ಬೇರೆ.

ನನ್ನ ಅಭಿಪ್ರಾಯದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಇರುವುದು ತೊಳೆಯುವುದರಲ್ಲಿಯೇ. ಅಂಗಡಿಯ ಅಲಂಕಾರದ ಸಾಮಾನುಗಳಿಗೆ ಹೊಳಪು ಮಾಸದಿರಲೆಂದು ಹಲವು ವೇಳೆ ಲ್ಯಾಕರ್ ಬಳಿದಿರುತ್ತಾರೆ. ಅದನ್ನು ಅಸಿಟೋನಿನಿಂದ ಒರೆಸಿ ತೆಗೆಯದಿದ್ದರೆ ಗಂಧಕ ಲೋಹವನ್ನು ಮುಟ್ಟುವುದೇ ಇಲ್ಲ. ಅನಂತರ ಹುಣಸೆಹಣ್ಣು ಮತ್ತು ಉಪ್ಪಿನಿಂದ ಉಜ್ಜಿ, ಸಾಬೂನಿನಿಂದ ಎಣ್ಣೆಯ ಪಸೆ ಕಳೆದು, ಸಾಕಷ್ಟು ನೀರಿನಲ್ಲಿ ತೊಳೆಯಬೇಕು. ನೀರು ಹನಿಹನಿಯಾಗಿ ನಿಲ್ಲದೆ ಮೇಲ್ಮೈಯೆಲ್ಲ ಒಂದೇ ಪದರವಾಗಿ ಹರಡಿದರೆ ತಟ್ಟೆ ಸಿದ್ಧವಾಯಿತೆಂದು ತಿಳಿಯಬಹುದು. ಆಮೇಲೆ ಬರಿಗೈಯಿಂದ ಮುಟ್ಟಿದರೆ ಬೆರಳಿನ ಗುರುತೇ ಕಲೆಯಾಗಿ ಉಳಿಯುತ್ತದೆ.

ಸುಲಭದ ದಾರಿ ಮೊಟ್ಟೆಯದು. ಕೋಳಿಮೊಟ್ಟೆಗಳನ್ನು ಗಟ್ಟಿಯಾಗಿ ಬೇಯಿಸಿ, ಬಿಸಿಯಿರುವಾಗಲೇ ಒಡೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಾಮ್ರಕ್ಕೆ ತಗಲದಂತೆ ಇಟ್ಟರೆ, ಅವುಗಳಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಅನಿಲವೇ ರಾತ್ರಿ ಕಳೆಯುವಷ್ಟರಲ್ಲಿ ತಾಮ್ರವನ್ನು ಕಂದಾಗಿಸುತ್ತದೆ. ಮೊಟ್ಟೆ ಒಳಗೆ ಬಾರದ ಮನೆಗಳಲ್ಲಿ ಡಬ್ಬಿಯನ್ನು ಅಂಗಳದಲ್ಲಿಯೇ ಇಡಬೇಕಾದೀತು; ವಾಸನೆಯನ್ನು ನೆನೆದರೆ ಉಳಿದವರಿಗೂ ಅದೇ ಲೇಸು.

ದಟ್ಟವಾದ ಕಪ್ಪು ಬೇಕಿದ್ದರೆ ಆಭರಣ ಕೆಲಸದವರು ಬಳಸುವ ಲಿವರ್ ಆಫ್ ಸಲ್ಫರ್ ಎಂಬ ಪೊಟ್ಯಾಸಿಯಂ ಸಲ್ಫೈಡುಗಳ ಮಿಶ್ರಣ ಒಳ್ಳೆಯದು. ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ತಿಳಿಹಳದಿ ಬಣ್ಣ ಬರುವಷ್ಟೇ ಕರಗಿಸಿ, ತಾಮ್ರವನ್ನು ಅದ್ದಿ ತೆಗೆದು, ತಣ್ಣೀರಿನಲ್ಲಿ ತೊಳೆದು, ಬಣ್ಣ ನೋಡಿ ಮತ್ತೆ ಅದ್ದಬೇಕು. ಬೇಗ ಮುಗಿಸುವ ಆಸೆಯಿಂದ ದ್ರಾವಣವನ್ನು ಗಾಢ ಮಾಡಿದರೆ ಪೊರೆ ದಪ್ಪವಾಗಿ ಹಕ್ಕಳೆ ಏಳುತ್ತದೆ. ಬೇಕಾದ ಬಣ್ಣ ಬಂದೊಡನೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಮುಳುಗಿಸಿದರೆ ಕ್ರಿಯೆ ನಿಲ್ಲುತ್ತದೆ. ಈ ದ್ರಾವಣಕ್ಕೆ ಹುಳಿ ಸೋಕಲೇಬಾರದು. ಹುಣಸೆ, ನಿಂಬೆ, ವಿನೆಗರ್ ಯಾವುದು ಬಿದ್ದರೂ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಹೊರಬೀಳುತ್ತದೆ, ಅದು ವಿಷಾನಿಲ. ಆದ್ದರಿಂದ ಹುಣಸೆಯ ಶೇಷ ಉಳಿಯದಂತೆ ತೊಳೆದು, ಕೈಗವಸು ತೊಟ್ಟು, ಗಾಳಿಯಾಡುವ ಬಯಲಿನಲ್ಲಿ ಕೆಲಸ ಮಾಡುವುದು ಕ್ಷೇಮ.

ಒಣಗಿದ ಮೇಲೆ ಉಬ್ಬು ಕೆತ್ತನೆಯ ಭಾಗಗಳನ್ನು ನುಣುಪಾದ ಉಕ್ಕಿನ ನಾರಿನಿಂದ ಹಗುರವಾಗಿ ತಿಕ್ಕಿದರೆ ಅಲ್ಲಿ ತಾಮ್ರದ ಕೆಂಪು ಇಣುಕಿ, ತಗ್ಗುಗಳಲ್ಲಿ ಕಪ್ಪು ನಿಂತು, ವಸ್ತು ನಿಜಕ್ಕೂ ಹಳೆಯದಾಗಿ ಕಾಣುತ್ತದೆ. ಇಡಿಯಾಗಿ ಕಪ್ಪಾದ ತಟ್ಟೆ ನನಗೆ ಹಿಡಿಸದು. ಕೊನೆಗೆ ಜೇನುಮೇಣವನ್ನು ತೆಳುವಾಗಿ ಸವರಿ ಬಟ್ಟೆಯಿಂದ ಒರೆಸಿದರೆ ಪೊರೆ ಬಾಳುತ್ತದೆ.

ಕುಡಿಯುವ ನೀರಿನ ತಂಬಿಗೆಗೂ ಅಡುಗೆಯ ಪಾತ್ರೆಗೂ ಇದನ್ನು ಮಾಡಬಾರದು. ಬಿದರಿ ಸಾಮಾನನ್ನು ಈ ಡಬ್ಬಿಯ ಹತ್ತಿರಕ್ಕೂ ತರಬಾರದು, ಏಕೆಂದರೆ ಗಂಧಕ ಬೆಳ್ಳಿಯನ್ನೂ ಕಪ್ಪು ಮಾಡುತ್ತದೆ. ಇನ್ನೊಂದು ಎಚ್ಚರವೆಂದರೆ, ಹಬ್ಬಕ್ಕೆ ಪಾತ್ರೆ ಬೆಳಗಲು ಕುಳಿತವರಿಗೆ ಈ ತಟ್ಟೆಯನ್ನು ತಿಕ್ಕಬಾರದೆಂದು ಮೊದಲೇ ಹೇಳಿಡಬೇಕು.