ಸೋರುವ ಮಾಡಿನ ಕಡತ

ಹಳೆಯ ಹೆಂಚಿನ ಮಾಡು ಸೋರತೊಡಗಿದಾಗ ಕಚೇರಿಗಳಲ್ಲಿ ಮೊದಲು ಏಳುವ ಪ್ರಶ್ನೆ ‘ಯಾವಾಗ ತೆಗೆಯೋಣ’ ಎಂಬುದೇ ಹೊರತು ‘ಎಲ್ಲಿಂದ ಸೋರುತ್ತಿದೆ’ ಎಂಬುದಲ್ಲ. ಕರಾವಳಿಯ ಹಳೆಯ ವಿದ್ಯಾಸಂಸ್ಥೆಯೊಂದರ ಮುಖ್ಯ ಕಟ್ಟಡದ ಕಡತ ನನ್ನ ಮೇಜಿಗೆ ಬಂದಾಗಲೂ ಹೀಗೆಯೇ ಆಗಿತ್ತು. ಎಸ್ಟಿಮೇಟ್ ಆಗಲೇ ಸಿದ್ಧವಿತ್ತು: ಹೆಂಚು, ಹೆಂಚು ಕೂರುವ ಅಡ್ಡಪಟ್ಟಿಗಳಾದ ರೀಪು, ರೀಪನ್ನು ಹೊರುವ ಇಳಿಜಾರು ಮರಗಳಾದ ಪಕ್ಕಾಸುಗಳನ್ನೆಲ್ಲ ಇಳಿಸಿ, ಕಬ್ಬಿಣದ ಟ್ರಸ್ (ತ್ರಿಕೋನ ಚೌಕಟ್ಟು) ನಿಲ್ಲಿಸಿ, ಮೇಲೆ ಬಣ್ಣದ ಶೀಟು ಹೊದಿಸುವುದು. ತಾಂತ್ರಿಕ ಅಭಿಪ್ರಾಯದ ಕಾಲಂ ಮಾತ್ರ ಖಾಲಿ ಇತ್ತು. ಮಾಡಿನ ಆಯುಸ್ಸು ಮುಗಿದಿದೆ ಎಂದು ನಾನು ಅಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕು, ಟೆಂಡರ್ ಕರೆಯಬಹುದಿತ್ತು.

ಜೂನ್ ಆಗಲೇ ಬಂದಿತ್ತು. ದಾಖಲೆ ಕೊಠಡಿಯಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳನ್ನಿಟ್ಟಿದ್ದರು, ಹಳೆಯ ಪ್ರವೇಶ ಪುಸ್ತಕಗಳನ್ನು ಟಾರ್ಪಾಲಿನಡಿ ಸೇರಿಸಿದ್ದರು. ಆಡಳಿತ ಸಮಿತಿಯ ಸಭೆ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು, ಅಷ್ಟರೊಳಗೆ ವರದಿ ಬೇಕೆಂದು ಬೆಳಗಿನಿಂದಲೇ ಫೋನು ಬರುತ್ತಿತ್ತು. ನನ್ನ ಕೈಯಲ್ಲಿ ಇದ್ದದ್ದು ಬೇಸಿಗೆಯಲ್ಲಿ ಯಾರೋ ಅಂಗಳದಲ್ಲಿ ನಿಂತು ತೆಗೆದ ಫೋಟೊಗಳು ಮಾತ್ರ: ಕಪ್ಪಾದ ಹೆಂಚುಗಳು, ಪಾಚಿಯ ಗೆರೆಗಳು, ಬಾಗಿದಂತೆ ಕಾಣುವ ನೆತ್ತಿ. ಅವುಗಳನ್ನು ನೋಡಿದ ಯಾರಿಗಾದರೂ ಮಾಡು ಮುದಿಯಾಗಿದೆ ಅನಿಸುತ್ತದೆ. ಆದರೆ ಹೆಂಚು ಕಪ್ಪಾಗುವುದು ಹೆಂಚು ಹಾಳಾಗುವುದರ ಲಕ್ಷಣವಲ್ಲ, ಮತ್ತು ಸೋರುವ ಮಾಡನ್ನು ಬಿಸಿಲಿನಲ್ಲಿ ನೋಡಿ ತೀರ್ಮಾನಿಸುವಂತಿಲ್ಲ. ಸಭೆಗೆ ಮುಂಚೆ ಮಳೆ ಸುರಿಯುವಾಗಲೇ ಮುಚ್ಚಿಗೆಯ, ಅಂದರೆ ಮಾಡಿನ ಕೆಳಗಿನ ಹಲಗೆ ಛಾವಣಿಯ, ಮೇಲೆ ಹತ್ತಿ ನೋಡಬೇಕೆಂದು ಹಟ ಹಿಡಿದೆ. ಜೊತೆಗೆ ಬರಲು ಒಪ್ಪಿದವರು ಆ ಕಟ್ಟಡದ ಕಿಟಕಿ ಬಾಗಿಲುಗಳನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದ ಹಿರಿಯ ಆಚಾರಿಯವರೊಬ್ಬರೇ.

ಮುಚ್ಚಿಗೆಯ ಹಲಗೆಗಳ ಮೇಲೆ ನೇರವಾಗಿ ಕಾಲಿಡಬಾರದು. ತೊಲೆಯಿಂದ ತೊಲೆಗೆ ದಾಟಿಕೊಂಡು, ಟಾರ್ಚ್ ಹಿಡಿದು, ಬಾವಲಿಗಳ ಹಿಕ್ಕೆಯ ವಾಸನೆಯಲ್ಲಿ ನಾವು ಮುಂದೆ ಸಾಗಿದೆವು. ಮಳೆಯ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಟಾರ್ಚ್ ಆರಿಸಿ ಮೇಲೆ ನೋಡಿದಾಗ ಒಡೆದ ಹೆಂಚಿನ ಸಂದುಗಳು ಬೆಳಕಿನ ಚುಕ್ಕೆಗಳಾಗಿ ಕಾಣಬೇಕು. ದಕ್ಷಿಣದ ಇಳಿಜಾರಿನಲ್ಲಿ ಅಂಥವು ಅಲ್ಲೊಂದು ಇಲ್ಲೊಂದು ಇದ್ದವು. ಉತ್ತರದ ಇಳಿಜಾರಿನಲ್ಲಿ, ಅಂದರೆ ದಾಖಲೆ ಕೊಠಡಿಯ ನೇರ ಮೇಲೆ, ಒಂದು ಚುಕ್ಕೆಯೂ ಕಾಣಲಿಲ್ಲ. ಆದರೂ ನೀರು ಹೆಂಚಿನ ಕೆಳಮೈಗುಂಟ ಹರಿದು ರೀಪಿನಿಂದ ತೊಟ್ಟಿಕ್ಕುತ್ತಿತ್ತು. ಕೈಗೆಟುಕಿದ ಹೆಂಚುಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಬಿರುಕು ಬಿಟ್ಟ ಹೆಂಚು ಬೊದ್ದೆಂದು ಸದ್ದು ಮಾಡುತ್ತದೆ, ಚೆನ್ನಾಗಿ ಬೆಂದ ಹೆಂಚು ಲೋಹದಂತೆ ಕಣಗುಡುತ್ತದೆ. ಅಲ್ಲಿದ್ದವು ಬಹುಪಾಲು ಕಣಗುಟ್ಟಿದವು. ಕೆಲವುಗಳ ಬೆನ್ನಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಮುದ್ರೆಯಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನ್ 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದಲೇ ಈ ಬಗೆಯ ಹೆಂಚಿಗೆ ‘ಮಂಗಳೂರು ಹೆಂಚು’ ಎಂಬ ಹೆಸರು ನಿಂತದ್ದು. ಉಳಿದವುಗಳ ಮೇಲೆ ಅನಂತರದ ಬೇರೆ ಬೇರೆ ಕಾರ್ಖಾನೆಗಳ ಮುದ್ರೆಗಳಿದ್ದವು. ಈ ಮುದ್ರೆಗಳ ವಿಚಾರ ಮುಂದೆ ದೊಡ್ಡದಾಗುತ್ತದೆ.

ಆಚಾರಿಯವರು ಹೆಂಚಿನ ಕಡೆ ನೋಡುತ್ತಲೇ ಇರಲಿಲ್ಲ. ಅವರು ಸೂರಿನ ಕಡೆಗೆ ತೆವಳಿ, ಗೋಡೆಯ ತಲೆಯ ಮೇಲೆ ಮಲಗಿಸಿದ ವಾಲ್‌ಪ್ಲೇಟಿಗೆ ಉಳಿ ಇಟ್ಟು ಅಂಗೈಯಿಂದ ಒತ್ತಿದರು. ಸುತ್ತಿಗೆಯ ಪೆಟ್ಟೇ ಇಲ್ಲದೆ ಉಳಿ ಹಿಡಿಯವರೆಗೆ ಒಳಗೆ ಇಳಿಯಿತು. ‘ಸರ್, ಹೆಂಚಿಗೆ ಏನೂ ಆಗಿಲ್ಲ. ಕೂತ ಜಾಗವೇ ಹೋಗಿದೆ’ ಎಂದರು. ಆ ಕ್ಷಣದಲ್ಲಿ ನಾವಿಬ್ಬರೂ ಯಾವ ಪಕ್ಕಾಸಿನ ಮೇಲೆ ಭಾರ ಬಿಟ್ಟಿದ್ದೇವೆಂಬುದು ನೆನಪಾಗಿ, ನಾನು ಅಲ್ಲಾಡದೆ ನಿಂತೆ. ಅವರು ಮಾತ್ರ ಆತುರವಿಲ್ಲದೆ ಪಕ್ಕಾಸುಗಳ ಬುಡವನ್ನು ಒಂದೊಂದಾಗಿ ಉಳಿಯಿಂದ ಪರೀಕ್ಷಿಸುತ್ತ ಬಂದರು. ಮೂಲೆಯಿಂದ ಹಿಡಿದು ಕೊಠಡಿಯ ನಡುವಿನವರೆಗೆ ಬುಡಗಳು ಮೆತ್ತಗಾಗಿದ್ದವು, ಅಲ್ಲಿಂದಾಚೆ ಕೆಚ್ಚು ಕಬ್ಬಿಣದಂತೆ ಗಟ್ಟಿಯಾಗಿತ್ತು. ಕೊಳೆತ ಕಡೆಯೇ ಹೊರಗಿನ ದೊಡ್ಡ ಮರದ ಕೊಂಬೆ ಸೂರಿನ ಮೇಲೆ ಬಾಗಿತ್ತು.

ಇಡೀ ಪ್ರಕರಣದ ಕಾರಣ ಅಲ್ಲಿ ಸ್ಪಷ್ಟವಾಯಿತು. ಮಂಗಳೂರು ಹೆಂಚು ನೀರನ್ನು ತಡೆಯುವುದು ಅಂಟಿನಿಂದಲ್ಲ, ಜೋಡಣೆಯಿಂದ. ಒಂದರ ಅಂಚಿನ ಏಣು ಪಕ್ಕದ್ದರ ಚಡಿಯಲ್ಲಿ ಕುಳಿತು, ಮೇಲಿನ ಸಾಲು ಕೆಳಗಿನ ಸಾಲನ್ನು ಹೊದ್ದು, ಇಳಿಜಾರು ಸರಿಯಿದ್ದರೆ ಮಾತ್ರ ನೀರು ಹೊರಗೇ ಜಾರುತ್ತದೆ. ಮರದಿಂದ ಉದುರಿದ ಎಲೆ ಚಡಿಗಳಲ್ಲಿ ತುಂಬಿದಾಗ ನೀರು ಅಲ್ಲಿಯೇ ನಿಂತು ಹಿಮ್ಮುಖವಾಗಿ ಒಳಕ್ಕೆ ಜಿನುಗುತ್ತದೆ. ಹಾಗೆ ಒಳಬಂದ ನೀರು ವರ್ಷ ವರ್ಷವೂ ವಾಲ್‌ಪ್ಲೇಟನ್ನು ನೆನೆಸಿ ಕೊಳೆಸಿದಾಗ ಪಕ್ಕಾಸಿನ ಬುಡ ತಗ್ಗುತ್ತದೆ, ರೀಪು ಬಾಗುತ್ತದೆ, ಏಣುಗಳು ಚಡಿಯಿಂದ ಮೇಲೇಳುತ್ತವೆ. ಆಮೇಲೆ ಒಂದು ಹೆಂಚೂ ಒಡೆಯದೆ ಇಡೀ ಇಳಿಜಾರು ಸೋರುತ್ತದೆ. ಇಂಥ ಮಾಡಿಗೆ ಹೊಸ ಹೆಂಚು ಹಾಕಿದರೂ ಮುಂದಿನ ಮಳೆಗಾಲಕ್ಕೆ ಅದೇ ಬಕೆಟ್, ಅದೇ ಟಾರ್ಪಾಲು.

ಬಟ್ಟೆ ಬದಲಿಸಲೂ ಸಮಯವಿಲ್ಲದೆ ಸಭೆಗೆ ಹೋದೆ. ಸಮಿತಿಯವರಿಗೆ ಬೇಕಾಗಿದ್ದದ್ದು ‘ತೆಗೆಯಬೇಕು’ ಅಥವಾ ‘ಬೇಡ’ ಎಂಬ ಒಂದೇ ಪದ, ಏಕೆಂದರೆ ನಮ್ಮ ಕಡತದ ನಮೂನೆಯಲ್ಲಿ ಇರುವುದು ಹಾಗೆಯೇ: ಹೊಸ ಕಾಮಗಾರಿ ಅಥವಾ ವಾರ್ಷಿಕ ದುರಸ್ತಿ. ಒಂದು ಇಳಿಜಾರಿನ ಅರ್ಧದಷ್ಟು ಮರವನ್ನು ಬದಲಿಸಿ, ಅದರ ಹೆಂಚನ್ನೇ ಇಳಿಸಿ ಮತ್ತೆ ಹೊದಿಸಿ, ಉಳಿದದ್ದನ್ನು ಕೈಯಾಡಿಸಿ ಬಿಡುವ ಕೆಲಸಕ್ಕೆ ಆ ನಮೂನೆಯಲ್ಲಿ ಜಾಗವೇ ಇಲ್ಲ. ವಾರ್ಷಿಕ ದುರಸ್ತಿಯ ಮಿತಿಗಿಂತ ಅದು ದೊಡ್ಡದು, ಹೊಸ ಕಾಮಗಾರಿಯ ಲೆಕ್ಕಕ್ಕೆ ಚಿಕ್ಕದು. ಎಷ್ಟೋ ಒಳ್ಳೆಯ ಮಾಡುಗಳು ಉರುಳಿರುವುದು ಗೆದ್ದಲಿಗಿಂತ ಹೆಚ್ಚಾಗಿ ಈ ನಮೂನೆಗೆ ಎಂದು ನಾನು ಗಂಭೀರವಾಗಿಯೇ ನಂಬಿದ್ದೇನೆ.

ಶೀಟು ಹಗುರ, ಆದ್ದರಿಂದ ಸುರಕ್ಷಿತ ಎಂಬ ವಾದ ಬಂತು. ಇದಕ್ಕೆ ಉತ್ತರಿಸಲು ಬಹಳ ಹೊತ್ತು ಹಿಡಿಯಿತು, ಏಕೆಂದರೆ ಕೇಳಲು ಅದು ಸರಿಯೆಂದೇ ತೋರುತ್ತದೆ. ಹೆಂಚು ಒಂದಕ್ಕೆ ಎರಡೂವರೆ ಕಿಲೋ ಆಸುಪಾಸು, ಚದರ ಮೀಟರಿಗೆ ಸುಮಾರು 15 ಹೆಂಚು, ಅಂದರೆ 40 ಕಿಲೋ ಸಮೀಪದ ಭಾರ. ಉಕ್ಕಿನ ತೆಳು ಶೀಟು ಅದೇ ಜಾಗಕ್ಕೆ 5 ಕಿಲೋ ಆಸುಪಾಸು. ಆದರೆ ಮಾಡಿನ ಮೇಲೆ ಕೆಲಸ ಮಾಡುವುದು ಭಾರವೊಂದೇ ಅಲ್ಲ. ಕಟ್ಟಡಗಳ ಮೇಲಿನ ಗಾಳಿಯ ಭಾರದ ಭಾರತೀಯ ಮಾನಕವಾದ ಐಎಸ್ 875ರ ಮೂರನೆಯ ಭಾಗ ಮಂಗಳೂರಿಗೆ ಕೊಡುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಆ ವೇಗದ ಒತ್ತಡ ಚದರ ಮೀಟರಿಗೆ ಸುಮಾರು 90 ಕಿಲೋ ತೂಕಕ್ಕೆ ಸಮ. ಗಾಳಿ ಅದರ ಅರ್ಧದಷ್ಟು ಬಲದಿಂದ ಮಾಡನ್ನು ಮೇಲಕ್ಕೆ ಎಳೆದರೂ ಶೀಟಿನ ಸ್ವಂತ ಭಾರ ಅದನ್ನು ಹಿಡಿದಿಡಲಾರದು. ಹೆಂಚಿನ ಮಾಡು ತನ್ನ ಭಾರದ ನೆರವಿನಿಂದ ಕುಳಿತಿರುತ್ತದೆ, ಅದರ ಸಂದುಗಳಲ್ಲಿ ಗಾಳಿಯೂ ಹಾದು ಒಳಹೊರಗಿನ ಒತ್ತಡ ಸಮನಾಗುತ್ತದೆ. ಶೀಟು ಹೊದಿಸಬೇಕಾದರೆ ಟ್ರಸ್ಸನ್ನು ಗೋಡೆಯೊಳಕ್ಕೆ ಆಳವಾಗಿ ಬೋಲ್ಟ್ ಹಾಕಿ ಬಿಗಿಯಬೇಕು. ಈ ಕಟ್ಟಡದ ಗೋಡೆಯೋ ಸುಣ್ಣದ ಗಾರೆಯಲ್ಲಿ ಕಟ್ಟಿದ ಮುರಕಲ್ಲಿನದು, ಅದರ ತುದಿಯ ಸಾಲುಗಳು ಮೇಲ್ಮುಖವಾದ ಎಳೆತವನ್ನು ತಾಳುತ್ತವೆಯೇ ಎಂದು ಎಸ್ಟಿಮೇಟಿನಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ಆ ಹಾಳೆಯನ್ನು ಮೇಜಿನ ಮೇಲಿಟ್ಟು, ಇದಕ್ಕೆ ಉತ್ತರ ಬರುವವರೆಗೆ ಸಹಿ ಹಾಕಲಾರೆ ಎಂದೆ. ಸಭೆ ಮೌನವಾಯಿತು. ಅಧ್ಯಕ್ಷರು ಬಕೆಟ್‌ಗಳ ವಿಷಯ ಎತ್ತಿದರು, ಮಳೆಗಾಲ ಮುಗಿಯುವವರೆಗೆ ದಾಖಲೆಗಳನ್ನು ಬೇರೆ ಕೊಠಡಿಗೆ ಸಾಗಿಸುವುದೆಂದು ತೀರ್ಮಾನವಾಯಿತು, ಕಡತ ನನ್ನ ಬಳಿಗೆ ಮರಳಿತು.

ಮುಂದಿನ ಬೇಸಿಗೆಯಲ್ಲಿ ಕೆಲಸ ನಡೆಯಿತು. ಮೊದಲು ಕೊಂಬೆ ಕಡಿಸಿದೆವು. ಉತ್ತರದ ವಾಲ್‌ಪ್ಲೇಟಿನಲ್ಲಿ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸಿದರು, ಪಕ್ಕಾಸುಗಳ ಬುಡಕ್ಕೆ ತುಂಡು ಬೆಸೆದರು, ರೀಪುಗಳನ್ನು ಪೂರ್ತಿ ಬದಲಿಸಿದರು. ಇಲ್ಲಿಯೇ ಮುದ್ರೆಗಳ ಮಹತ್ವ ತಿಳಿಯುತ್ತದೆ. ಎಲ್ಲವೂ ಮಂಗಳೂರು ಹೆಂಚೇ ಆದರೂ ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ. ಮಂಗಳೂರು ಹೆಂಚಿನ ಭಾರತೀಯ ಮಾನಕವಾದ ಐಎಸ್ 654 ಕೂಡ 410, 420, 425 ಮಿಲಿಮೀಟರ್ ಉದ್ದದ ಮೂರು ಅಳತೆಗಳನ್ನು ಒಪ್ಪುತ್ತದೆ. ಬೇರೆ ಅಚ್ಚಿನ ಎರಡು ಹೆಂಚುಗಳು ಪಕ್ಕಪಕ್ಕ ಬಂದರೆ ಏಣು ಚಡಿಯಲ್ಲಿ ಕೂರುವುದಿಲ್ಲ. ಹಿಂದಿನ ದುರಸ್ತಿಗಳಲ್ಲಿ ಸಿಕ್ಕಿದ ಹೆಂಚನ್ನು ಸಿಕ್ಕಿದಲ್ಲಿ ತುರುಕಿದ್ದರಿಂದಲೇ ದಕ್ಷಿಣದ ಕಡೆಯೂ ಸೋರುತ್ತಿತ್ತು. ಆದ್ದರಿಂದ ಇಳಿಸಿದ ಹೆಂಚುಗಳನ್ನೆಲ್ಲ ಅಂಗಳದಲ್ಲಿ ಮುದ್ರೆವಾರು ಜೋಡಿಸಿ, ಬಡಿದು ನೋಡಿ, ಸಂದೇಹ ಬಂದವನ್ನು ಒಣಗಿಸಿ ತೂಗಿ 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿ, ಹೆಚ್ಚು ನೀರು ಕುಡಿದವನ್ನು ಹೊರಗಿಟ್ಟೆವು. ಒಂದು ಇಳಿಜಾರಿಗೆ ಒಂದೇ ಮುದ್ರೆ ಎಂಬ ನಿಯಮ ಮಾಡಿಕೊಂಡೆವು. ಗುತ್ತಿಗೆದಾರರಿಗೆ ಇದು ವ್ಯರ್ಥ ಕೆಲಸವಾಗಿ ಕಂಡಿತು. ಆಚಾರಿಯವರು ಅಂಗಳದಲ್ಲೇ ಕುಳಿತು ಒಂದೊಂದನ್ನೂ ತಾವೇ ಒಪ್ಪಿದ ಮೇಲೆ ಮೇಲಕ್ಕೆ ಕಳಿಸಿದರು. ಅದರ ಮುಂದಿನ ಮಳೆಗಾಲದಲ್ಲಿ ದಾಖಲೆಗಳು ತಮ್ಮ ಕೊಠಡಿಗೆ ಹಿಂದಿರುಗಿದವು.

ನನಗೆ ಇಂದಿಗೂ ನೋವಾಗುವುದು ಹಿಂಭಾಗದ ಕಟ್ಟಡದ ವಿಷಯದಲ್ಲಿ. ಅದರ ಮರವನ್ನು ಗೆದ್ದಲು ನೆತ್ತಿಯವರೆಗೂ ತಿಂದಿತ್ತು, ಅಲ್ಲಿ ಉಳಿಸಲು ಏನೂ ಇರಲಿಲ್ಲ, ಗೋಡೆಯೂ ಕಾಂಕ್ರೀಟಿನ ಪಟ್ಟಿ ಹಾಕಿದ ಹೊಸ ಗೋಡೆ. ಶೀಟು ಹೊದಿಸಲು ನಾನೇ ಶಿಫಾರಸು ಮಾಡಿದೆ, ಆ ಶಿಫಾರಸನ್ನು ಈಗಲೂ ಬದಲಿಸುವುದಿಲ್ಲ. ಆದರೆ ಮರ ಸತ್ತಿದ್ದರೂ ಹೆಂಚು ಸತ್ತಿರಲಿಲ್ಲ. ಮುಖ್ಯ ಕಟ್ಟಡದ ಉತ್ತರ ಇಳಿಜಾರಿಗೆ ಹೊಂದುವ ಅದೇ ಮುದ್ರೆಯ ಹೆಂಚುಗಳವು. ಟೆಂಡರಿನಲ್ಲಿ ‘ಹಳೆಯ ಸಾಮಗ್ರಿ ತೆರವು’ ಎಂಬ ಒಂದೇ ಸಾಲು ಇತ್ತು. ನಾವು ಮುಖ್ಯ ಕಟ್ಟಡದ ಕಡೆಯಿಂದ ಬರುವಷ್ಟರಲ್ಲಿ ಅವನ್ನೆಲ್ಲ ಲಾರಿಗೆ ಸುರಿದು, ಅರ್ಧಕ್ಕರ್ಧ ಪುಡಿಯಾಗಿ, ಸಾಗಿಸಿಯೂ ಆಗಿತ್ತು. ಆ ಅಚ್ಚು ಈಗ ಎಲ್ಲಿಯೂ ತಯಾರಾಗುವುದಿಲ್ಲ.

ಅಂದಿನಿಂದ ನಾನು ಬರೆಯುವ ಪ್ರತಿ ಎಸ್ಟಿಮೇಟಿನಲ್ಲಿ, ಮಾಡು ತೆಗೆಯುವುದಿರಲಿ ಉಳಿಸುವುದಿರಲಿ, ಹೆಂಚನ್ನು ಕೈಯಿಂದ ಇಳಿಸಿ ಮುದ್ರೆವಾರು ಪೇರಿಸಿ ಲೆಕ್ಕ ಮಾಡಿ ಸಂಸ್ಥೆಯ ವಶಕ್ಕೆ ಒಪ್ಪಿಸುವುದಕ್ಕೆ ಪ್ರತ್ಯೇಕ ಐಟಂ ಇರುತ್ತದೆ. ಆಡಿಟ್‌ನವರು ಅದನ್ನು ಅನಗತ್ಯ ವೆಚ್ಚವೆಂದು ಆಕ್ಷೇಪಿಸಿದ್ದಾರೆ, ನಾನು ಲಿಖಿತ ವಿವರಣೆ ಕೊಟ್ಟು ಹಾಗೆಯೇ ಮುಂದುವರಿಸಿದ್ದೇನೆ. ಉತ್ತರದ ಇಳಿಜಾರಿನಲ್ಲಿ ಈಗ ಹೆಂಚು ಒಡೆದರೆ ಮುಂಭಾಗದ ಪೋರ್ಟಿಕೋದಿಂದ ಅದೇ ಮುದ್ರೆಯದನ್ನು ತೆಗೆದು ಹಾಕುತ್ತೇವೆ. ಪೋರ್ಟಿಕೋದ ಹೆಂಚು ಅರ್ಧದಷ್ಟು ಖಾಲಿಯಾದಾಗ ಅದಕ್ಕೆ ಪೂರ್ತಿ ಹೊಸ ಅಚ್ಚಿನ ಹೆಂಚನ್ನೇ ಹೊದಿಸುವುದೆಂದು ನಿರ್ವಹಣಾ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇವೆ.